ಕವರ್ 1966ರದ್ದು, ರೆಕಾರ್ಡ್ ಯಾವಾಗಿನದು?

ಓದುಗರ ಪ್ರಶ್ನೆ: ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ‘ಬ್ಲಾಂಡ್ ಆನ್ ಬ್ಲಾಂಡ್’ ಡಬಲ್ ಎಲ್‌ಪಿಯನ್ನು ಇತ್ತೀಚೆಗೆ ಕೊಂಡೆ. ಅಮೆರಿಕದ ಕೊಲಂಬಿಯಾ ಕಂಪನಿಯ ಸ್ಟೀರಿಯೊ ಪ್ರತಿ. ‘1966ರ ಫಸ್ಟ್ ಪ್ರೆಸ್ಸಿಂಗ್’, ಅಂದರೆ ಆಲ್ಬಂ ಬಂದಾಗ ಮೊದಲು ಒತ್ತಿದ ಪ್ರತಿ, ಅಂತ ಹೇಳಿ ಮಾರಿದ್ದರು, ಬೆಲೆಯೂ ಅದಕ್ಕೆ ತಕ್ಕ ಹಾಗೇ ಇತ್ತು. ಕವರ್ ಬಿಚ್ಚಿದರೆ ಒಳಗೆ ನಟಿ ಕ್ಲಾಡಿಯಾ ಕಾರ್ಡಿನಾಲೆ ಅವರ ಫೋಟೊ ಇದೆ. ಕವರ್ ಮೇಲೆ ಸಿ2ಎಸ್ 841 ಎಂಬ ನಂಬರ್ ಇದೆ. ಆದರೆ ಎರಡು ರೆಕಾರ್ಡ್‌ಗಳ ಲೇಬಲ್ ಒಂದೇ ಥರ ಇಲ್ಲ. ಎರಡೂ ಕೆಂಪೇ. ಎರಡನೇ ರೆಕಾರ್ಡಿನಲ್ಲಿ ಎಡಬಲಕ್ಕೆ ಕಣ್ಣಿನ ಚಿಹ್ನೆ, ಕೆಳಗೆ ಬಿಳಿ ಅಕ್ಷರದಲ್ಲಿ ‘360 ಸೌಂಡ್’ ಎಂದಿದೆ. ಮೊದಲನೆಯದರಲ್ಲಿ ಅದಿಲ್ಲ. ಅಂಚಿನ ಸುತ್ತ ಚಿನ್ನದ ಬಣ್ಣದಲ್ಲಿ ಕೊಲಂಬಿಯಾ ಹೆಸರು ಮತ್ತೆ ಮತ್ತೆ ಬಂದಿದೆ. ಕೇಳಿದ್ದಕ್ಕೆ ಮಾರಿದವರು, “ಹಾಡು ಮುಗಿದ ಮೇಲಿನ ಖಾಲಿ ಜಾಗ ನೋಡಿ, 1ಎ ಅಂತ ಇದೆ, ಅದೇ ಸಾಕ್ಷಿ” ಅಂದರು. ನಿಜವಾಗಿಯೂ ಇದೆ. ನಾನು ಮೋಸ ಹೋದೆನಾ? ವಾಪಸ್ ಕೊಡಲಾ? ಒಂದು ರೆಕಾರ್ಡ್ ಬದಲಾಯಿಸಿ ಜೋಡಿ ಸರಿಮಾಡಲಾ? ಅಥವಾ ಶಬ್ದವೆಲ್ಲ ಒಂದೇ ಚಾನೆಲ್‌ನಲ್ಲಿ ಬರುವ ಮೋನೊ ಪ್ರತಿಯನ್ನೇ ಹುಡುಕಲಾ? ಮೋನೊ ಒಂದೇ ‘ಅಸಲಿ’ ಅಂತ ಬಹಳ ಜನ ಹೇಳುತ್ತಾರೆ.

ಉತ್ತರ: ನಿಮ್ಮ ಕೈಯಲ್ಲಿರುವುದು 1966ರ ಮೊದಲ ಪ್ರೆಸ್ಸಿಂಗ್ ಅಲ್ಲ. ಹಾಗಂತ ನಕಲಿಯೂ ಅಲ್ಲ. ಅದು ಎರಡು ಬೇರೆ ಬೇರೆ ಪ್ರತಿಗಳಿಂದ ಕೂಡಿಸಿದ ಜೋಡಿ. ಕವರ್ ಅರವತ್ತರ ದಶಕದ್ದು. ಎರಡನೇ ರೆಕಾರ್ಡ್ 1966ರಿಂದ 1970ರ ನಡುವಿನದು. ಮೊದಲ ರೆಕಾರ್ಡ್ ಮಾತ್ರ 1970ಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಏಕೆಂದರೆ ಅಂಚಿನ ಸುತ್ತ ಹೆಸರು ಬರೆದ ಆ ಲೇಬಲನ್ನು ಕೊಲಂಬಿಯಾ ಶುರುಮಾಡಿದ್ದೇ ಆ ವರ್ಷ.

ಮಾರಿದವರು ಬೇಕಂತಲೇ ಸುಳ್ಳು ಹೇಳಿದರಾ? ಇರಬಹುದು, ಆದರೆ ಹಳೆ ರೆಕಾರ್ಡ್ ಪರೀಕ್ಷೆ ಮಾಡುವ ಕೆಲಸದಲ್ಲಿ ನಾನು ಕಂಡ ಮಟ್ಟಿಗೆ ಇಂಥ ಪ್ರಕರಣಗಳಲ್ಲಿ ಮೋಸಕ್ಕಿಂತ ಅರ್ಧ ತಿಳಿವಳಿಕೆಯೇ ಜಾಸ್ತಿ. ಒಂದು ಗುರುತು ಹೊಂದಿಕೊಂಡರೆ ಸಾಕು, ಉಳಿದದ್ದನ್ನು ಯಾರೂ ನೋಡುವುದಿಲ್ಲ. ನಿಮ್ಮ ಪ್ರತಿಯಲ್ಲಿ ಹೊಂದಿಕೊಳ್ಳುವ ಗುರುತುಗಳು ಮೂರು ಇವೆ. ಕವರಿನ ಫೋಟೊ, ನಂಬರ್ ಮತ್ತು 1ಎ. ಈ ಮೂರೂ ನಿಜ. ಆದರೆ ಮೊದಲ ರೆಕಾರ್ಡನ್ನು ಯಾವಾಗ ಒತ್ತಿದರು ಎಂದು ಇವುಗಳಲ್ಲಿ ಒಂದೂ ಹೇಳುವುದಿಲ್ಲ.

ಈ ಕೆಲಸದಲ್ಲಿ ಒಂದು ನಿಯಮ ಇಟ್ಟುಕೊಳ್ಳಿ. ಯಾವುದೇ ಪ್ರತಿಯ ವಯಸ್ಸನ್ನು ಅದರಲ್ಲಿರುವ ತೀರಾ ಹೊಸ ಗುರುತಿನಿಂದ ಲೆಕ್ಕ ಹಾಕಬೇಕು, ಹಳೆಯ ಗುರುತಿನಿಂದ ಅಲ್ಲ. ಹಳೆಯ ಕವರ್, ಹಳೆಯ ಲೋಹದ ಅಚ್ಚು, ಹಳೆಯ ನಂಬರ್ ಎಲ್ಲವೂ ವರ್ಷಗಟ್ಟಲೆ ಮುಂದುವರಿಯುತ್ತವೆ. ಆದರೆ 1970ರಲ್ಲಿ ಬಂದ ಲೇಬಲ್ 1966ಕ್ಕೆ ಹಿಂದೆ ಹೋಗುವುದಿಲ್ಲ. ಮಾರುವವರು ಹಳೆಯ ಗುರುತನ್ನೇ ತೋರಿಸುತ್ತಾರೆ. ನೀವು ಹೊಸದನ್ನು ಹುಡುಕಬೇಕು.

ಈಗ ನಂಬರ್ ವಿಷಯ. ಅಮೆರಿಕದಲ್ಲಿ ಈ ಆಲ್ಬಂ 1966ರಲ್ಲಿ ಎರಡು ರೂಪದಲ್ಲಿ ಬಂತು. ಮೋನೊಗೆ ಸಿ2ಎಲ್ 41, ಸ್ಟೀರಿಯೊಗೆ ಸಿ2ಎಸ್ 841. ಒಳಗಿನ ರೆಕಾರ್ಡ್‌ಗಳಿಗೆ ಪ್ರತ್ಯೇಕ ನಂಬರ್‌ಗಳಿವೆ. ಸ್ಟೀರಿಯೊದಲ್ಲಿ ಸಿಎಸ್ 9316 ಮತ್ತು 9317. ಸಿ2ಎಸ್ 841 ಎಂಬ ನಂಬರ್ ಎಪ್ಪತ್ತರ ದಶಕದಲ್ಲೂ ನಡೆದುಕೊಂಡು ಬಂತು. ಆಮೇಲೆ ಮುಂದಿನ ಅಕ್ಷರ ಬದಲಾಗಿ ಸಿಜಿ 841 ಆಯಿತು. ಹಾಗಾಗಿ ಸಿಜಿ ಇದ್ದರೆ ಅದು ತಡವಾದ ಪ್ರತಿ ಎಂದು ಖಚಿತವಾಗಿ ಹೇಳಬಹುದು. ಸಿ2ಎಸ್ ಇದ್ದರೆ ಏನೂ ಹೇಳಲಾಗುವುದಿಲ್ಲ. ಕವರಿನ ಮೇಲೆ ಅಚ್ಚಾದ ವರ್ಷವೂ ಅಷ್ಟೇ. ಅದು ಆಲ್ಬಂ ಬಂದ ವರ್ಷವೇ ಹೊರತು ನಿಮ್ಮ ಪ್ರತಿಯನ್ನು ಒತ್ತಿದ ವರ್ಷವಲ್ಲ.

ಕವರ್ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಒಳಗಿನ ಫೋಟೊಗಳೆಲ್ಲ ಜೆರ್ರಿ ಶಾಟ್ಸ್‌ಬರ್ಗ್ ತೆಗೆದವು. ಕಾರ್ಡಿನಾಲೆ ಅವರ ಫೋಟೊ ಛಾಯಾಗ್ರಾಹಕರ ಬಳಿ ಇದ್ದ ಚಿತ್ರಗಳಲ್ಲಿ ಒಂದು. ಡಿಲನ್ ಅದನ್ನು ಆರಿಸಿಕೊಂಡರು, ಆದರೆ ನಟಿಯ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಅವರ ಕಡೆಯವರು ಆಕ್ಷೇಪ ಎತ್ತಿದ ಮೇಲೆ 1968ರಲ್ಲಿ ಆ ಫೋಟೊ ತೆಗೆದು, ಉಳಿದ ಚಿತ್ರಗಳನ್ನು ಬೇರೆ ರೀತಿ ಜೋಡಿಸಿದರು. ಆದ್ದರಿಂದ ಅಮೆರಿಕದ ಕವರಿನಲ್ಲಿ ಆ ಫೋಟೊ ಇದ್ದರೆ ಅದು ಸುಮಾರು ಮೊದಲ ಎರಡು ವರ್ಷಗಳ ಕವರ್. ನಿಮ್ಮ ಕವರ್ ಹಳೆಯದು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಅದು ತೀರಾ ಅಪರೂಪದ್ದೂ ಅಲ್ಲ. ಈ ಆಲ್ಬಂ ಅಮೆರಿಕದ ಜನಪ್ರಿಯ ಆಲ್ಬಂಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೇ ಸ್ಥಾನದವರೆಗೆ ಏರಿತ್ತು. ಆ ಎರಡು ವರ್ಷಗಳಲ್ಲಿ ಬಹಳ ಪ್ರತಿಗಳು ಮಾರಾಟವಾದವು. ‘ಕಾರ್ಡಿನಾಲೆ ಕವರ್’ ಎಂಬ ಹೆಸರು ಕೇಳಿದ ಕೂಡಲೇ ಎರಡರಷ್ಟು ದುಡ್ಡು ಕೊಡಬೇಕಾಗಿಲ್ಲ. ಮೂಲೆ ಹರಿಯದೆ, ಬೆನ್ನು ಸೀಳದೆ, ಹೆಸರು ಗೀಚದೆ ಉಳಿದದ್ದು ಸಿಗುವುದು ಕಷ್ಟ. ಬೆಲೆ ಇರುವುದು ಅಂಥದ್ದಕ್ಕೆ.

ಮಧ್ಯೆ ಒಂದು ಮಾತು. ಈ ಆಲ್ಬಂ ಬಗ್ಗೆ ಬರುವ ಪ್ರಶ್ನೆಗಳಲ್ಲಿ “ಮುಖಪುಟದ ಫೋಟೊ ಮಂಜಾಗಿದೆ, ನಕಲಿ ಇರಬಹುದಾ?” ಎಂಬುದು ಆಗಾಗ ಬರುತ್ತದೆ. ಅನುಮಾನ ತಪ್ಪಲ್ಲ. ನಕಲಿ ಕವರ್‌ಗಳನ್ನು ಅಸಲಿ ಕವರಿನ ಫೋಟೊ ತೆಗೆದು ಮಾಡುವುದರಿಂದ ಚಿತ್ರ ಮಸುಕಾಗಿರುತ್ತದೆ. ಆದರೆ ಇಲ್ಲಿ ಮೂಲ ಚಿತ್ರವೇ ಅಲುಗಾಡಿದ್ದು. ನ್ಯೂಯಾರ್ಕಿನ ಚಳಿಯಲ್ಲಿ ತೆಗೆದದ್ದು. ಡಿಲನ್ ಅದನ್ನೇ ಇಷ್ಟಪಟ್ಟು ಆರಿಸಿದರು. ಆದ್ದರಿಂದ ದೊಡ್ಡ ಚಿತ್ರ ನೋಡಬೇಡಿ, ಸಣ್ಣ ಅಕ್ಷರ ನೋಡಿ. ಹಾಡುಗಳ ಪಟ್ಟಿ, ಕಂಪನಿಯ ಹೆಸರು, ನಂಬರ್ ಇವುಗಳ ಅಂಚು ಚೂಪಾಗಿರಬೇಕು. ಅಲ್ಲಿ ಮಸುಕಾಗಿದ್ದರೆ ಯೋಚನೆ ಮಾಡಬೇಕು.

ಇನ್ನು ನಿಮ್ಮ ಮುಖ್ಯ ಗೊಂದಲ, ಆ 1ಎ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಂಗ್ರಾಹಕರ ದುಡ್ಡು ಜಾಸ್ತಿ ಪೋಲಾಗುವುದು ಇಲ್ಲಿಯೇ.

ಹಾಡು ಮುಗಿದ ಜಾಗದಿಂದ ಲೇಬಲ್‌ವರೆಗಿನ ನುಣುಪಾದ ಪಟ್ಟಿಗೆ ಡೆಡ್ ವ್ಯಾಕ್ಸ್ ಎನ್ನುತ್ತಾರೆ. ಕೊಲಂಬಿಯಾ ರೆಕಾರ್ಡ್‌ಗಳಲ್ಲಿ ಅಲ್ಲಿ ಒಂದು ಉದ್ದ ನಂಬರ್ ಇರುತ್ತದೆ. ಮೋನೊ ಆದರೆ ಎಕ್ಸ್‌ಎಲ್‌ಪಿ, ಸ್ಟೀರಿಯೊ ಆದರೆ ಎಕ್ಸ್‌ಎಸ್‌ಎಂ ಎಂದು ಶುರುವಾಗುತ್ತದೆ. ಕೊನೆಗೆ ಒಂದು ಗೆರೆ ಎಳೆದು 1ಎ, 1ಸಿ, 2ಬಿ ಎಂಬಂತೆ ಒಂದು ಅಂಕಿ, ಒಂದು ಅಕ್ಷರ. ಈ ಬಾಲಕ್ಕೇ ಎಲ್ಲರೂ ಬಡಿದಾಡುವುದು.

ಅದು ಅಲ್ಲಿಗೆ ಬಂದದ್ದು ಹೇಗೆ? ಸ್ಟುಡಿಯೊದಲ್ಲಿ ಮಿಕ್ಸ್ ಆದ, ಅಂದರೆ ದನಿ ವಾದ್ಯಗಳನ್ನು ಹದವಾಗಿ ಬೆರೆಸಿದ ಟೇಪನ್ನು ಓಡಿಸುತ್ತಾ, ಅಲ್ಯೂಮಿನಿಯಂ ತಟ್ಟೆಗೆ ಬಳಿದ ಮೆತ್ತನೆಯ ಲ್ಯಾಕರ್ ಪದರದ ಮೇಲೆ ಯಂತ್ರದಿಂದ ಗ್ರೂವ್, ಅಂದರೆ ಮುಳ್ಳು ಓಡುವ ಸಣ್ಣ ಗೆರೆ, ಕೊರೆಯುತ್ತಾರೆ. ಆ ಲ್ಯಾಕರಿನ ಗುರುತು ಈ ಅಂಕಿ ಮತ್ತು ಅಕ್ಷರ. ಅದಕ್ಕೆ ಬೆಳ್ಳಿ ಲೇಪಿಸಿ, ಮೇಲೆ ನಿಕ್ಕಲ್ ಬೆಳೆಸಿ, ಬಿಡಿಸಿದರೆ ಉಬ್ಬು ಗೆರೆಗಳ ಲೋಹದ ಮಾಸ್ಟರ್ ಸಿಗುತ್ತದೆ. ಮಾಸ್ಟರಿನಿಂದ ಮದರ್ ಎಂಬ ಲೋಹದ ಪ್ರತಿ, ಮದರಿನಿಂದ ಸ್ಟಾಂಪರ್ ಎಂಬ ಅಚ್ಚು. ಸ್ಟಾಂಪರನ್ನು ಪ್ರೆಸ್ಸಿಗೆ ಹಾಕಿ ಬಿಸಿ ಪ್ಲಾಸ್ಟಿಕ್ ಒತ್ತಿದರೆ ರೆಕಾರ್ಡ್. ಸ್ಟಾಂಪರ್ ಸವೆದರೆ ಅದೇ ಮದರಿನಿಂದ ಇನ್ನೊಂದು ಸ್ಟಾಂಪರ್ ಮಾಡುತ್ತಾರೆ. ಲ್ಯಾಕರಿನ ಗುರುತು ಈ ಎಲ್ಲ ಪೀಳಿಗೆಗೂ ಹಾಗೆಯೇ ಇಳಿದು ಬರುತ್ತದೆ.

ಅಂದರೆ 1ಎ ಹೇಳುವುದು ಗ್ರೂವ್ ಕೊರೆದದ್ದರ ಬಗ್ಗೆ ಮಾತ್ರ. ನಿಮ್ಮ ಪ್ರತಿಯನ್ನು ಒತ್ತಿದ ದಿನದ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಹಳೆಯ ಲೋಹದ ಭಾಗ ಚೆನ್ನಾಗಿದ್ದರೆ ಕಾರ್ಖಾನೆ ಅದನ್ನು ಸುಮ್ನೆ ಎಸೆಯುವುದಿಲ್ಲ. ವರ್ಷಗಳ ನಂತರ ಅದರಿಂದಲೇ ಒತ್ತಿ, ಆಗ ಚಾಲ್ತಿಯಲ್ಲಿದ್ದ ಹೊಸ ಲೇಬಲ್ ಹಾಕುತ್ತದೆ. ನಿಮ್ಮ ಮೊದಲ ರೆಕಾರ್ಡಿನ ಕಥೆ ಇದೇ. ಲೇಬಲ್ ಹೊಸದು, ಅಚ್ಚು ಹಳೆಯದು.

ಇನ್ನೊಂದು ತಪ್ಪು ತಿಳಿವಳಿಕೆ ಇದರ ಜೊತೆಗೇ ಬರುತ್ತದೆ. 1ಎ ಎಂದರೆ ಮೊದಲು ಒತ್ತಿದ್ದು, 1ಸಿ ಎಂದರೆ ಮೂರನೆಯದು ಎಂಬ ಲೆಕ್ಕ. ಕೊಲಂಬಿಯಾಗೆ ಆಗ ನ್ಯೂಜೆರ್ಸಿಯ ಪಿಟ್‌ಮನ್, ಇಂಡಿಯಾನಾದ ಟೆರೆ ಹೋಟ್, ಕ್ಯಾಲಿಫೋರ್ನಿಯಾದ ಸಾಂಟಾ ಮರಿಯಾ ಎಂಬ ಮೂರು ಕಡೆ ಕಾರ್ಖಾನೆಗಳಿದ್ದವು. ದೊಡ್ಡ ಆಲ್ಬಂ ಬರುವಾಗ ಶುರುವಿನಲ್ಲೇ ಹಲವು ಲ್ಯಾಕರ್ ಕೊರೆದು ಬೇರೆ ಬೇರೆ ಕಾರ್ಖಾನೆಗೆ ಹಂಚುತ್ತಿದ್ದರು. ಒಂದೇ ವಾರದಲ್ಲಿ ಪೂರ್ವದ ಅಂಗಡಿಯಲ್ಲಿ ಒಂದು ಅಕ್ಷರ, ಪಶ್ಚಿಮದ ಅಂಗಡಿಯಲ್ಲಿ ಇನ್ನೊಂದು ಅಕ್ಷರ ಮಾರಾಟವಾಗುತ್ತಿದ್ದಿರಬಹುದು. ಎರಡೂ ಮೊದಲ ಪ್ರೆಸ್ಸಿಂಗೇ. ಹಾಗಾಗಿ ಲೇಬಲ್, ಕವರ್ ಎಲ್ಲ ಸರಿಯಿದ್ದು ಬಾಲದಲ್ಲಿ 1ಎಫ್ ಇದ್ದರೆ ಅದನ್ನು ತಿರಸ್ಕರಿಸಬೇಡಿ. ಒಂದೇ ರೆಕಾರ್ಡಿನ ಎರಡು ಬದಿಯಲ್ಲಿ ಬೇರೆ ಬೇರೆ ಅಕ್ಷರ ಇರುವುದು ಮಾಮೂಲು.

ಹಾಗಾದರೆ 1ಎ ಬಗ್ಗೆ ಇಷ್ಟು ಹುಚ್ಚು ಎಲ್ಲಿಂದ ಬಂತು? ಅದಕ್ಕೆ ಒಂದು ಒಳ್ಳೆಯ ಕಾರಣವೂ ಇದೆ, ಡಿಲನ್ ಅವರದ್ದೇ. 1963ರ ‘ದಿ ಫ್ರೀವೀಲಿನ್ ಬಾಬ್ ಡಿಲನ್’ ಆಲ್ಬಂನಿಂದ ಕೊನೆ ಗಳಿಗೆಯಲ್ಲಿ ನಾಲ್ಕು ಹಾಡು ತೆಗೆದು ಬೇರೆ ನಾಲ್ಕು ಹಾಕಿದರು. ಆದರೆ ಹಳೆಯ ಹಾಡುಗಳಿದ್ದ ಕೆಲವು ಪ್ರತಿಗಳು ಹೊರಗೆ ಬಂದುಬಿಟ್ಟವು. ಅವುಗಳ ಲೇಬಲ್ ಮತ್ತು ಕವರ್ ಮೇಲೆ ಹೊಸ ಹಾಡುಗಳ ಹೆಸರೇ ಇರುತ್ತದೆ, ನುಡಿಸಿದರೆ ಹಳೆಯ ಹಾಡು ಕೇಳುತ್ತದೆ. ಅಂಥ ಮೋನೊ ಪ್ರತಿಗಳನ್ನು ಹಿಡಿಯುವ ದಾರಿ ಡೆಡ್ ವ್ಯಾಕ್ಸಿನ 1ಎ. ರೆಕಾರ್ಡ್ ಲೋಕದ ಅತಿ ದುಬಾರಿ ವಸ್ತುಗಳಲ್ಲಿ ಅದೂ ಒಂದು. 1965ರ ‘ಹೈವೇ 61 ರೀವಿಸಿಟೆಡ್’ ಇನ್ನೊಂದು ಉದಾಹರಣೆ. ಅದರ ಆರಂಭದ ಕೆಲವು ಪ್ರತಿಗಳಲ್ಲಿ ‘ಫ್ರಮ್ ಎ ಬ್ಯೂಕ್ 6’ ಹಾಡಿನ ಬೇರೆಯೇ ಟೇಕ್ (ಅದೇ ಹಾಡನ್ನು ಇನ್ನೊಮ್ಮೆ ಹಾಡಿದ ರೆಕಾರ್ಡಿಂಗ್) ಇದೆ, ಹಾರ್ಮೋನಿಕಾದಿಂದ ಶುರುವಾಗುತ್ತದೆ. ಈ ಎರಡು ಕಡೆ ಲ್ಯಾಕರ್ ಬದಲಾದಾಗ ಹಾಡೇ ಬದಲಾಯಿತು. ಅದಕ್ಕೇ ಅಲ್ಲಿ ಬಾಲದ ಅಂಕಿಗೆ ಬೆಲೆ. ಆ ನಿಯಮವನ್ನು ಎತ್ತಿಕೊಂಡು ಬಂದು ಪ್ರತಿ ಆಲ್ಬಂಗೂ ಅಂಟಿಸಿದರೆ ಆಗುವುದಿಲ್ಲ.

ಲೇಬಲ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಕ್ರಮ ಗೊತ್ತಿದ್ದರೆ ಸಾಕು. 1962ರವರೆಗೆ ಎಡಬಲಕ್ಕೆ ಮೂರು ಮೂರು ಕಣ್ಣು, ಒಟ್ಟು ಆರು. ಆಮೇಲೆ 1970ರವರೆಗೆ ಎರಡೇ ಕಣ್ಣು. ಈ ಎರಡು ಕಣ್ಣಿನ ಸ್ಟೀರಿಯೊ ಲೇಬಲಿನಲ್ಲಿ ‘360 ಸೌಂಡ್’ ಎಂಬ ಮಾತು ಮೊದಲು ಕಪ್ಪು ಅಕ್ಷರದಲ್ಲಿತ್ತು, 1965ರಲ್ಲಿ ಬಿಳಿಗೆ ಬದಲಾಯಿತು. ಹಾಗಾಗಿ 1965ರ ಮಾರ್ಚ್‌ನಲ್ಲಿ ಬಂದ ‘ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್’ ಹುಡುಕುವಾಗ ಕಪ್ಪು ಅಕ್ಷರ ಬೇಕು. ‘ಬ್ಲಾಂಡ್ ಆನ್ ಬ್ಲಾಂಡ್’ ಹುಡುಕುವಾಗ ಬಿಳಿಯೇ ಸರಿ. 1970ರ ನಂತರ ಕಣ್ಣೂ ಇಲ್ಲ, 360 ಕೂಡ ಇಲ್ಲ, ಅಂಚಿನ ಸುತ್ತ ಹೆಸರು ಮಾತ್ರ. ಇನ್ನೂ ತಡವಾದ ಪ್ರತಿಗಳನ್ನು ಹಿಡಿಯಲು ಎರಡು ಸುಲಭ ದಾರಿಗಳಿವೆ. ವೃತ್ತದೊಳಗೆ ಪಿ ಅಕ್ಷರ ಇರುವ ಚಿಹ್ನೆ ಅಮೆರಿಕದ ಕಾನೂನಿಗೆ ಬಂದದ್ದು 1972ರ ಫೆಬ್ರವರಿಯಿಂದ. ಅದು ಕಂಡರೆ 1966ರ ಮಾತು ಬಿಟ್ಟುಬಿಡಿ. ಕವರ್ ಹಿಂದೆ ಬಾರ್‌ಕೋಡ್ ಇದ್ದರೆ ಅದು ಹೆಚ್ಚುಕಮ್ಮಿ 1980ರ ಹೊತ್ತಿನದು ಅಥವಾ ಆಮೇಲಿನದು. ಆದರೆ ಇವು ಇಲ್ಲ ಎಂದ ಮಾತ್ರಕ್ಕೆ ಹಳೆಯದು ಎಂದು ಸಾಬೀತಾಗುವುದಿಲ್ಲ.

ಕಾಗದದ ಒಳಚೀಲವನ್ನೂ ಒಮ್ಮೆ ನೋಡಿ. ಕೊಲಂಬಿಯಾ ಅದರ ಮೇಲೆ ತನ್ನ ಬೇರೆ ಆಲ್ಬಂಗಳ ಜಾಹೀರಾತು ಅಚ್ಚು ಹಾಕುತ್ತಿತ್ತು. ಅದರಲ್ಲಿರುವ ಅತಿ ಹೊಸ ಆಲ್ಬಂ ಯಾವ ವರ್ಷದ್ದು ಎಂದು ನೋಡಿದರೆ ಚೀಲದ ವಯಸ್ಸು ಗೊತ್ತಾಗುತ್ತದೆ. ಚೀಲ ಅದಲು ಬದಲಾಗುವುದು ಬಹಳ ಸಾಮಾನ್ಯ, ಅದೊಂದನ್ನೇ ನಂಬಬೇಡಿ. ಕೆನಡಾದ ಪ್ರತಿಗಳ ಲೇಬಲ್ ಅಮೆರಿಕದ್ದರ ಹಾಗೇ ಕಾಣುತ್ತದೆ. ಅಂಚಿನ ಸಣ್ಣ ಅಕ್ಷರ ಓದಿದರೆ ದೇಶ ಗೊತ್ತಾಗುತ್ತದೆ. ಬ್ರಿಟನ್ನಿನದು ಗೊಂದಲವೇ ಇಲ್ಲ. ಅಲ್ಲಿ ಕೊಲಂಬಿಯಾ ಎಂಬ ಹೆಸರು ಇಎಂಐ ಕಂಪನಿಯದ್ದಾಗಿದ್ದರಿಂದ ಇದು ಸಿಬಿಎಸ್ ಹೆಸರಿನಲ್ಲಿ, 66012 ಎಂಬ ನಂಬರ್‌ನಲ್ಲಿ ಬಂತು.

ಈ ಜೋಡಿ ಹೇಗೆ ಆಯಿತು ಎಂದು ಊಹಿಸುವುದು ಕಷ್ಟವಲ್ಲ. ಡಬಲ್ ಆಲ್ಬಂಗಳಲ್ಲಿ ಇದು ದಿನಾ ನೋಡುವ ಸಂಗತಿ. ಜನಪ್ರಿಯ ಹಾಡುಗಳೆಲ್ಲ ಮೊದಲ ರೆಕಾರ್ಡಿನಲ್ಲಿವೆ. ‘ರೇನಿ ಡೇ ವುಮೆನ್’, ‘ಐ ವಾಂಟ್ ಯು’, ‘ಜಸ್ಟ್ ಲೈಕ್ ಎ ವುಮನ್’ ಎಲ್ಲ ಅಲ್ಲೇ. ಎರಡನೇ ರೆಕಾರ್ಡಿನ ಕೊನೆಯ ಬದಿಯಲ್ಲಿ ಹನ್ನೊಂದು ನಿಮಿಷ ದಾಟುವ ಒಂದೇ ಹಾಡು. ಹಾಗಾಗಿ ಮೊದಲನೆಯದು ತಿರುಗಿ ತಿರುಗಿ ಸವೆಯುತ್ತದೆ, ಗೀರು ಬೀಳುತ್ತದೆ, ಯಾರ ಮನೆಗೋ ಹೋಗಿ ವಾಪಸ್ ಬರುವುದಿಲ್ಲ. ಎಷ್ಟೋ ವರ್ಷದ ಮೇಲೆ ಯಾರೋ ಎರಡು ಮುರುಕು ಸೆಟ್‌ಗಳಿಂದ ಒಂದು ಪೂರ್ತಿ ಸೆಟ್ ಮಾಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಹೇಳದೆ ಮಾರುವುದು ತಪ್ಪು.

ಈಗ ಶಬ್ದದ ವಿಷಯ. ಮೊದಲ ಪ್ರೆಸ್ಸಿಂಗ್ ಅಂದರೆ ಅತ್ಯುತ್ತಮ ಶಬ್ದ ಎಂಬ ನಂಬಿಕೆ ಅರ್ಧ ಸತ್ಯ. ಟೇಪ್ ಹೊಸದಾಗಿದ್ದಾಗ ಕೊರೆದದ್ದು, ಆಗಿನವರೇ ಕೊರೆದದ್ದು ಎಂಬ ಲಾಭ ಇದೆ. ಆದರೆ ಸವೆದ ಸ್ಟಾಂಪರಿನಿಂದ ಒತ್ತಿದ ಮೊದಲ ಪ್ರೆಸ್ಸಿಂಗ್‌ಗಿಂತ, ಹೊಸ ಸ್ಟಾಂಪರಿನಿಂದ ಒತ್ತಿದ ನಂತರದ ಪ್ರತಿ ಚೆನ್ನಾಗಿರಬಹುದು. ಅದಕ್ಕಿಂತ ದೊಡ್ಡ ವಿಷಯ ಹಿಂದಿನ ಮಾಲೀಕರ ಪ್ಲೇಯರ್. ಅರವತ್ತರ ದಶಕದ ಅಗ್ಗದ ಪ್ಲೇಯರ್‌ಗಳಲ್ಲಿ ಮುಳ್ಳಿನ ಭಾರ ಜಾಸ್ತಿ, ಮುಳ್ಳು ಸವೆದಿದ್ದರೂ ಯಾರೂ ಬದಲಾಯಿಸುತ್ತಿರಲಿಲ್ಲ. ಆ ಸವೆತ ಕಣ್ಣಿಗೆ ಕಾಣುವುದಿಲ್ಲ. ಮೇಲೆ ಕನ್ನಡಿ ಥರ ಹೊಳೆಯುವ ರೆಕಾರ್ಡ್ ನುಡಿಸಿದರೆ ಕರಕರ ಅನ್ನಬಹುದು. ಮೇಲೆ ಗೀರು ಕಂಡರೂ ಗ್ರೂವ್ ಒಳಗೆ ಚೆನ್ನಾಗಿರುವುದೂ ಉಂಟು.

ಇದನ್ನು ಪರೀಕ್ಷೆ ಮಾಡಬೇಕಾದ ಜಾಗ ಪ್ರತಿ ಬದಿಯ ಕೊನೆಯ ಹಾಡು. ರೆಕಾರ್ಡ್ ತಿರುಗುವ ವೇಗ ಒಂದೇ ಆದರೂ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗ್ರೂವ್ ಹಾದುಹೋಗುತ್ತದೆ, ಒಳಗೆ ಬಂದಂತೆ ಅದು 20ರ ಆಸುಪಾಸಿಗೆ ಇಳಿಯುತ್ತದೆ. ಅಷ್ಟೇ ಶಬ್ದವನ್ನು ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ತುಂಬಿರುತ್ತಾರೆ. ಸವೆತ ಮೊದಲು ಕೇಳಿಸುವುದು ಅಲ್ಲೇ. ನಿಮ್ಮ ಮೊದಲ ರೆಕಾರ್ಡಿನ ಎರಡನೇ ಬದಿಯಲ್ಲಿ ‘ಜಸ್ಟ್ ಲೈಕ್ ಎ ವುಮನ್’ ಕೇಳಿ. ದನಿ ಏರಿದಾಗ, ‘ಸ’ ‘ಶ’ ಥರದ ಉಚ್ಚಾರ ಬಂದಾಗ, ಹಾರ್ಮೋನಿಕಾ ಬಂದಾಗ ಒಡೆದ ಹಾಗೆ ಕೇಳದಿದ್ದರೆ ಆ ರೆಕಾರ್ಡ್ ಗಟ್ಟಿಯಾಗಿದೆ. ಗಟ್ಟಿಯಾಗಿದ್ದರೆ ಒಂದು ಸಂತೋಷದ ವಿಷಯ. ಅದರ ಅಚ್ಚು ಹಳೆಯ ಲ್ಯಾಕರಿನದ್ದೇ ಆದ್ದರಿಂದ, ನೀವು ಕೇಳುತ್ತಿರುವ ಗ್ರೂವ್ 1966ರ ಪ್ರತಿಯ ಗ್ರೂವಿಗೆ ಬಹಳ ಹತ್ತಿರದ್ದು. ಸಂಗ್ರಾಹಕರ ಲೆಕ್ಕದಲ್ಲಿ ಕಡಿಮೆ ಬೆಲೆ, ಕಿವಿಯ ಲೆಕ್ಕದಲ್ಲಿ ಹಾಗಲ್ಲ. ಒಂದು ಎಚ್ಚರಿಕೆ ಮಾತ್ರ. 1973ರ ತೈಲ ಬಿಕ್ಕಟ್ಟಿನ ಹೊತ್ತಿಗೆ ಪ್ಲಾಸ್ಟಿಕ್ ಕೊರತೆಯಾಗಿ ಅಮೆರಿಕದಲ್ಲಿ ಹಳೆಯ ಪ್ಲಾಸ್ಟಿಕ್ ಕರಗಿಸಿ ಬೆರೆಸುವುದು ಜಾಸ್ತಿಯಾಯಿತು. ಆ ಕಾಲದ ಕೆಲವು ಪ್ರತಿಗಳಲ್ಲಿ ತೊಳೆದರೂ ಹೋಗದ ಚಟಪಟ ಸದ್ದು ಇರುತ್ತದೆ.

ಮೋನೊ ಪ್ರಶ್ನೆಗೆ ಬರೋಣ. ಇಲ್ಲಿ ಜನ ಹೇಳುವುದರಲ್ಲಿ ಹುರುಳಿದೆ. 1966ರಲ್ಲಿ ಬಹಳ ಮನೆಗಳಲ್ಲಿ ಇದ್ದದ್ದು ಮೋನೊ ಪ್ಲೇಯರ್. ಅಂಗಡಿಯಲ್ಲಿ ಸ್ಟೀರಿಯೊ ರೆಕಾರ್ಡಿಗೆ ಸಾಮಾನ್ಯವಾಗಿ ಒಂದು ಡಾಲರ್ ಜಾಸ್ತಿ. ರೇಡಿಯೊದಲ್ಲಿ ಹೋಗುತ್ತಿದ್ದದ್ದೂ ಮೋನೊ. ಹಾಗಾಗಿ ಮಿಕ್ಸ್ ಮಾಡುವವರ ಮುಖ್ಯ ಗಮನ ಮೋನೊ ಮೇಲೆಯೇ ಇರುತ್ತಿತ್ತು. ಈ ಆಲ್ಬಂನ ಮೋನೊ ಮತ್ತು ಸ್ಟೀರಿಯೊ ಒಂದೇ ಮಿಕ್ಸಿನ ಎರಡು ರೂಪವಲ್ಲ, ಬೇರೆ ಬೇರೆಯಾಗಿ ಮಾಡಿದ ಎರಡು ಮಿಕ್ಸ್. ಮೋನೊದಲ್ಲಿ ಡ್ರಮ್, ಬಾಸ್, ಆರ್ಗನ್ ಎಲ್ಲ ಒಟ್ಟಿಗೆ ಒಂದು ಗುಂಪಾಗಿ ಎದೆಗೆ ಬಂದು ತಾಗುತ್ತವೆ. ಸ್ಟೀರಿಯೊದಲ್ಲಿ ನ್ಯಾಶ್‌ವಿಲ್ ಸ್ಟುಡಿಯೊದ ವಾದ್ಯಗಾರರನ್ನು ಒಬ್ಬೊಬ್ಬರಾಗಿ ಬಿಡಿಸಿ ಕೇಳಬಹುದು. ನನಗೆ ಮೊದಲ ರೆಕಾರ್ಡಿನ ಹಾಡುಗಳು ಮೋನೊದಲ್ಲೇ ಇಷ್ಟ. ನಾಲ್ಕನೇ ಬದಿಯ ‘ಸ್ಯಾಡ್ ಐಡ್ ಲೇಡಿ’ಗೆ ಮಾತ್ರ ಸ್ಟೀರಿಯೊದ ಬಯಲು ಬೇಕು. ಇದು ರುಚಿಯ ವಿಷಯ, ಅಸಲಿ ನಕಲಿ ಎಂಬ ಮಾತು ಇಲ್ಲಿ ಬರುವುದಿಲ್ಲ.

ಗುರುತು ಹಿಡಿಯುವ ದೃಷ್ಟಿಯಿಂದ ಮೋನೊಗೆ ಒಂದು ದೊಡ್ಡ ಅನುಕೂಲ ಇದೆ. ಕೊಲಂಬಿಯಾ 1968ರ ಹೊತ್ತಿಗೆ ಮೋನೊ ನಿಲ್ಲಿಸಿತು. ಎರಡು ಕಣ್ಣಿನ ಲೇಬಲ್ ಇರುವ ಸಿ2ಎಲ್ 41 ಸಿಕ್ಕರೆ ಅದು 1966ರಿಂದ 68ರ ಒಳಗಿನದ್ದೇ. ಎಪ್ಪತ್ತರ ದಶಕದ ತಟ್ಟೆ ಅದರ ಜೊತೆ ಬೆರೆಯುವ ಸಂಭವವೇ ಇಲ್ಲ. ಅಪಾಯ ಇನ್ನೊಂದು ಕಡೆ ಇದೆ. ಮೋನೊ ಪ್ರತಿಗಳು ಮೋನೊ ಪ್ಲೇಯರ್‌ಗಳಲ್ಲೇ, ಅಂದರೆ ಭಾರದ ಮುಳ್ಳಿನಲ್ಲೇ ತಿರುಗಿದವು. ಗಟ್ಟಿಯಾಗಿ ಉಳಿದದ್ದು ಕಡಿಮೆ. ನುಡಿಸಿ ನೋಡದೆ, ಫೋಟೊ ನೋಡಿ ಕೊಟ್ಟ ದರ್ಜೆಯನ್ನು ಮೋನೊ ವಿಷಯದಲ್ಲಿ ನಾನಂತೂ ನಂಬುವುದಿಲ್ಲ. ಮೋನೊ ರೆಕಾರ್ಡನ್ನು ಈಗಿನ ಸ್ಟೀರಿಯೊ ಕಾರ್ಟ್ರಿಡ್ಜಿನಲ್ಲಿ (ಮುಳ್ಳು ಕೂರಿಸುವ ಭಾಗ) ನುಡಿಸಬಹುದು, ತೊಂದರೆ ಇಲ್ಲ. ಆಂಪ್ಲಿಫೈಯರಿನಲ್ಲಿ ಮೋನೊ ಬಟನ್ ಇದ್ದರೆ ಒತ್ತಿ, ಚಟಪಟ ಸದ್ದು ಎದ್ದು ಕಾಣುವಷ್ಟು ಇಳಿಯುತ್ತದೆ.

ಬರೀ ಮೋನೊ ಮಿಕ್ಸ್ ಕೇಳಬೇಕು ಎಂಬ ಆಸೆಯಾದರೆ ಹಳೆಯ ಪ್ರತಿಯ ಹಿಂದೆ ಬೀಳುವ ಅಗತ್ಯವೇ ಇಲ್ಲ. ಸನ್‌ಡೇಜ್ಡ್ ಎಂಬ ಕಂಪನಿ ಈ ಶತಮಾನದ ಆರಂಭದಲ್ಲಿ ಇದನ್ನು ಮೋನೊದಲ್ಲೇ ವಿನೈಲ್ ಮೇಲೆ ತಂದಿತು. 2010ರಲ್ಲಿ ಡಿಲನ್ ಅವರ ಮೊದಲ ಎಂಟು ಆಲ್ಬಂಗಳು ಮೋನೊ ಸೆಟ್ ಆಗಿ ಬಂದವು. ಅಂಥ ಮರುಮುದ್ರಣದ ಗ್ರೂವ್ ಯಾರ ಮುಳ್ಳೂ ತಿಂದದ್ದಲ್ಲ. ಮುಂದೆ ಮಾರಿದರೆ ಹಳೆಯದರ ಬೆಲೆ ಬರುವುದಿಲ್ಲ, ಅಷ್ಟೇ. ಅಂದಹಾಗೆ 180 ಗ್ರಾಂ ಎಂದು ಕವರ್ ಮೇಲೆ ಅಂಟಿಸಿದ ಚೀಟಿಗೆ ಮರುಳಾಗಬೇಡಿ. ದಪ್ಪ ರೆಕಾರ್ಡ್ ಸೊಟ್ಟಗಾಗುವುದು ಕಡಿಮೆ ಇರಬಹುದು, ಆದರೆ ಶಬ್ದ ಇರುವುದು ಗ್ರೂವಿನಲ್ಲಿ, ತೂಕದಲ್ಲಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ವಾಪಸ್ ಕೊಡುವ ಅವಧಿ ಇನ್ನೂ ಇದ್ದರೆ ಮೊದಲು ಮಾರಿದವರಿಗೆ ಬರೆಯಿರಿ. ಜಗಳದ ದನಿ ಬೇಡ. ಎರಡೂ ಲೇಬಲಿನ ಫೋಟೊ ಕಳಿಸಿ, ಮೊದಲನೆಯದು 1970ರ ನಂತರದ ಲೇಬಲ್, ಆದ್ದರಿಂದ ಈ ಸೆಟ್ 1966ರದ್ದಲ್ಲ ಎಂದು ಎರಡು ಸಾಲು ಸಾಕು. 1ಎ ಬಗ್ಗೆ ವಾದಕ್ಕೆ ಇಳಿಯಬೇಡಿ, ಲೇಬಲ್ ಒಂದೇ ಮಾತು ಮುಗಿಸುತ್ತದೆ. ನಿಮ್ಮ ಕವರ್ ಚೆನ್ನಾಗಿದ್ದರೆ ಮತ್ತು ರೆಕಾರ್ಡ್‌ಗಳು ಗಟ್ಟಿಯಾಗಿ ನುಡಿದರೆ, ಪೂರ್ತಿ ವಾಪಸ್ ಮಾಡುವ ಬದಲು ಬೆಲೆಯ ಒಂದು ಭಾಗ ವಾಪಸ್ ಕೇಳುವುದು ನನಗೆ ಸರಿ ಕಾಣುತ್ತದೆ. ಪೂರ್ತಿ ವಾಪಸ್ ಮಾಡಿದರೆ ಅಂಚೆಯಲ್ಲಿ ಕವರ್ ಮೂಲೆ ಮುರಿಯುವ ಅಪಾಯ ನಿಮ್ಮ ತಲೆಗೇ ಬರಬಹುದು. ಕಳಿಸುವುದೇ ಆದರೆ ರೆಕಾರ್ಡ್‌ಗಳನ್ನು ಕವರಿನಿಂದ ಹೊರಗೆ ತೆಗೆದು, ಅದರ ಹಿಂದೆ ಇಟ್ಟು ಕಟ್ಟಿ. ಒಳಗೇ ಇಟ್ಟರೆ ದಾರಿಯಲ್ಲಿ ರೆಕಾರ್ಡಿನ ಅಂಚು ಕವರನ್ನು ಸೀಳಿಕೊಂಡು ಹೊರಬರುತ್ತದೆ.

ಜೋಡಿ ಸರಿಮಾಡುವ ದಾರಿಯೂ ಇದೆ. ಕವರ್ ಹಾಳಾದ, ಆದರೆ ಮೊದಲ ರೆಕಾರ್ಡ್ ಚೆನ್ನಾಗಿರುವ ಎರಡು ಕಣ್ಣಿನ ಸೆಟ್ ಒಂದನ್ನು ಅಗ್ಗಕ್ಕೆ ಹುಡುಕಿ, ಅದರಿಂದ ಸಿಎಸ್ 9316 ತೆಗೆದು ಇಲ್ಲಿ ಇಡಬಹುದು. ಕೊಳ್ಳುವ ಮುಂಚೆ ಲೇಬಲಿನ ಮೇಲಿನ ನಂಬರ್ ಕಡ್ಡಾಯವಾಗಿ ಕೇಳಿ. ಮಾರುವವರು ‘ಒಂದು ರೆಕಾರ್ಡ್ ಚೆನ್ನಾಗಿದೆ’ ಎಂದರೆ ಅದು ಬಹುಪಾಲು ಎರಡನೆಯದೇ ಆಗಿರುತ್ತದೆ, ಸವೆಯುವುದು ಮೊದಲನೆಯದು ಎಂದೆನಲ್ಲ. ಹಾಗಾಗಿ ಈ ಹುಡುಕಾಟಕ್ಕೆ ತಾಳ್ಮೆ ಬೇಕು. ಎರಡು ಮೂರು ಮುರುಕು ಸೆಟ್ ಕೊಂಡು, ಕೊನೆಗೆ ಒಂದು ಒಳ್ಳೆಯ ಸೆಟ್ಟಿನ ಬೆಲೆಗಿಂತ ಜಾಸ್ತಿ ಖರ್ಚು ಮಾಡಿದವರನ್ನು ಕಂಡಿದ್ದೇನೆ. ಎರಡೂ ರೆಕಾರ್ಡ್ ಒಂದೇ ಕಾರ್ಖಾನೆಯದ್ದಾಗಿರಬೇಕು ಎಂಬ ಹಟ ಇದ್ದರೆ ಇನ್ನೂ ಕಷ್ಟ. ಡೆಡ್ ವ್ಯಾಕ್ಸಿನಲ್ಲಿ ಕೆಲವೊಮ್ಮೆ ಕಾರ್ಖಾನೆಯ ಮೊದಲ ಅಕ್ಷರ, ಪಿ, ಟಿ ಅಥವಾ ಎಸ್, ಸಿಗುತ್ತದೆ. ಲೇಬಲಿನ ಅಕ್ಷರ ಜೋಡಣೆಯೂ ಕಾರ್ಖಾನೆಯಿಂದ ಕಾರ್ಖಾನೆಗೆ ಸ್ವಲ್ಪ ಬೇರೆ. ಕೇಳುವವರಿಗೆ ಇದು ಬೇಕಾಗಿಲ್ಲ. ಹೀಗೆ ಸರಿಮಾಡಿದ್ದೂ ಕೂಡಿಸಿದ ಜೋಡಿಯೇ. ಮುಂದೆ ಮಾರುವಾಗ ಹಾಗೆಂದು ಹೇಳಿ, ಮೊದಲ ರೆಕಾರ್ಡ್ ಬೇರೆ ಸೆಟ್ಟಿನದ್ದು ಎಂದು ಒಂದು ಚೀಟಿ ಬರೆದು ಕವರಿನೊಳಗೆ ಇಡಿ.

ಡೆಡ್ ವ್ಯಾಕ್ಸ್ ಓದುವಾಗ ಮೇಲಿನಿಂದ ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಕೋಣೆಯ ದೀಪ ಆರಿಸಿ, ಫೋನಿನ ಟಾರ್ಚನ್ನು ರೆಕಾರ್ಡಿಗೆ ಸಮನಾಗಿ ಪಕ್ಕದಿಂದ ಹಿಡಿಯಿರಿ, ಇನ್ನೊಂದು ಫೋನಿನಲ್ಲಿ ಹತ್ತಿರದಿಂದ ಫೋಟೊ ತೆಗೆಯಿರಿ. ನಾಲ್ಕೂ ಬದಿಯದ್ದನ್ನು ಬರೆದುಕೊಳ್ಳಿ. ಅಚ್ಚು ಒತ್ತಿದ ಅಕ್ಷರ ಯಾವುದು, ಕೈಯಲ್ಲಿ ಗೀಚಿದ್ದು ಯಾವುದು, ಹೊಡೆದು ಹಾಕಿದ ಅಂಕಿ ಇದೆಯಾ ಎಲ್ಲ ಗುರುತು ಮಾಡಿ. ನೀವು ಮೊದಲ ರೆಕಾರ್ಡಿನಲ್ಲಿ 1ಎ ಎಲ್ಲಿದೆ, ಒಂದು ಬದಿಯಲ್ಲೋ ಎರಡರಲ್ಲೂ ಇದೆಯೋ ಎಂದು ಬರೆದಿಲ್ಲ. ಒಂದೇ ಬದಿಯಲ್ಲಿದ್ದು, ಇನ್ನೊಂದರಲ್ಲಿ 2 ಅಥವಾ ಅದಕ್ಕಿಂತ ದೊಡ್ಡ ಅಂಕಿ ಇದ್ದರೆ ಆ ಬದಿಯನ್ನು ಮತ್ತೆ ಕೊರೆದಿದ್ದಾರೆ ಎಂದರ್ಥ. ಆಗ ಆ ಬದಿಯನ್ನು ಬೇರೆಯಾಗಿ ಕೇಳಿ ತೀರ್ಮಾನಿಸಿ.